ಕ್ಯಾಮೆರಾ ಹಿಂದಿನ ಆಂಟಿ

ಅವಳ ತಾಯಿ ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು.

ಈ ಎರಡು ವಾಕ್ಯ ಬರೆದು, ಎದ್ದು ಹೋಗಿ, ಒಲೆಯ ಮೇಲಿದ್ದ ಸಾರು ಇಳಿಸಿ, ಮತ್ತೆ ಬಂದು ಓದಿದೆ. ಬರೆದದ್ದು ಹಾಗೇ ಇತ್ತು. ಅಳಿಸಿಬಿಡೋಣವೇ ಎಂದು ಒಂದು ಕ್ಷಣ — ಇಲ್ಲ, ಇಷ್ಟು ವರ್ಷ ಅಳಿಸಿಕೊಂಡೇ ಬಂದದ್ದಾಯಿತು.

ನಮ್ಮ ಕನ್ನಡ ಸಂಘದ ಹುಡುಗರು ನನ್ನಿಂದ ಕೇಳಿದ್ದು ಬೇರೆಯದೇ ಬರಹ. "ಆಂಟಿ, ಈ ಸಲದ ಸ್ಮರಣ ಸಂಚಿಕೆಗೆ ಚಾರಾ ಬಗ್ಗೆ ಒಂದು ಆರ್ಟಿಕಲ್ ಬರ್ದು ಕೊಡಿ. ಅವಳ ಲೈಫು, ಕೆರಿಯರ್ರು, ನೀವು ಅವಳನ್ನ ಹೇಗೆ ಬೆಳೆಸಿದ್ರಿ — ಎಲ್ಲ" ಎಂದಿದ್ದರು. ಹೇಗೆ ಬೆಳೆಸಿದೆನಂತೆ! ಆಗಲಿ ಎಂದೆ. ಇದೇ ಆ ಲೇಖನ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ಚಾರಾ ಯಾರೆಂದು ಈ ದೇಶದಲ್ಲಿ ಸಿನಿಮಾ ನೋಡುವವರಿಗೆ ಹೇಳಬೇಕಾಗಿಲ್ಲ. ಡಾಲಸ್‌ನ ಹೆದ್ದಾರಿ ಪಕ್ಕದ ಜಾಹೀರಾತು ಫಲಕದಲ್ಲಿ ಅವಳ ಮುಖ ಒಂದು ಮನೆಯಷ್ಟು ದೊಡ್ಡದಾಗಿ ನಿಂತಿದೆ. ಬೆಳಗ್ಗೆ ಆಫೀಸಿಗೆ ಹೊರಟ ನಮ್ಮ ಜನ ಅದರ ಕೆಳಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು "ನಮ್ಮ ಫ್ರಿಸ್ಕೋ ಹುಡುಗಿ" ಎಂದು ಹೆಮ್ಮೆಪಡುತ್ತಾರೆ. ನಮಗೆಲ್ಲ ಅವಳು ಇಂಚರ, ಗಿರಿಜಾಳ ಮಗಳು. ಹೆಸರಿನ ಮೊದಲ ತುಂಡು ಇಲ್ಲಿಯವರ ನಾಲಿಗೆಯಲ್ಲಿ ಉದುರಿಹೋಗಿ ಉಳಿದದ್ದು ಚಾರಾ.

ಅವಳ ಸಂದರ್ಶನಗಳನ್ನು ನೋಡಿದವರಿಗೆ ಈ ಕಥೆ ಬಾಯಿಪಾಠ. ಹೈಸ್ಕೂಲಿನ ಕೊನೆಯ ವರ್ಷ, ಆಸ್ಟಿನ್‌ನಲ್ಲಿ ಚಿತ್ರ ತೆಗೆಯುತ್ತಿದ್ದವರು ಅವಳನ್ನು ಪಾತ್ರಕ್ಕೆ ಕರೆಯಲು ಮನೆಗೆ ಫೋನ್ ಮಾಡಿದರಂತೆ. ಅಮ್ಮ ಅವಳನ್ನು ಒಂದು ಮಾತೂ ಕೇಳದೆ ಬೇಡ ಎಂದುಬಿಟ್ಟರಂತೆ. ಆಮೇಲೆ ಕೇಳಿದರೆ, ಫೋನೇ ಬಂದಿರಲಿಲ್ಲ ಎಂದರಂತೆ. ಇಷ್ಟು ಹೇಳಿ ಅವಳು ಸ್ವಲ್ಪ ನಕ್ಕು ತಲೆ ತಗ್ಗಿಸುತ್ತಾಳೆ. ಮತ್ತೆ ತಲೆಯೆತ್ತಿ ಹೇಳುತ್ತಾಳೆ: ಆದರೆ ಕ್ಯಾಮೆರಾ ಹಿಂದೆ ನನಗೊಬ್ಬ ಆಂಟಿ ಇದ್ದರು, ಅವರಿಲ್ಲದಿದ್ದರೆ ನಾನಿಲ್ಲ.

ಆ ಆಂಟಿ ನಾನು. ಹೆಸರು ವತ್ಸಲಾ, ಊರು ಮೈಸೂರು. ಆ ಫೋನಿನಲ್ಲಿ ಅವಳ ಅಮ್ಮನಾಗಿ ಮಾತಾಡಿದವಳೂ ನಾನೇ.

ಅದು ಹೇಗೆ ಸಾಧ್ಯ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಸಮರ್ಥನೆಗಲ್ಲ — ಸಮರ್ಥನೆ ಹುಡುಕಿ ಹುಡುಕಿ ಸೋತಿದ್ದೇನೆ.

ಗಿರಿಜಾ ಧಾರವಾಡದವಳು. ಡಾಲಸ್ ಸುತ್ತಲಿನ ಈ ಊರುಗಳಿಗೆ ಬಂದ ಹೊಸತರಲ್ಲಿ ಲೂಯಿಸ್‌ವಿಲ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೂ ಮೇಲೆ ಕೆಳಗೆ ಇದ್ದೆವು. ನನ್ನ ದೀಪ್ತಿ, ಅವಳ ಇಂಚರ ಒಂದೇ ವಯಸ್ಸು. ಆಮೇಲೆ ಫ್ರಿಸ್ಕೋದಲ್ಲಿ ಹತ್ತಿರ ಹತ್ತಿರವೇ ಮನೆ ಮಾಡಿದೆವು. ಗಿರಿಜಾಳ ಗಂಡನ ಕೆಲಸ ಹ್ಯೂಸ್ಟನ್‌ನಲ್ಲಿ, ವಾರದ ಕೊನೆಗೆ ಬಂದು ಹೋಗುವ ಸಂಸಾರ. ಗಿರಿಜಾ ದಿನಾ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿಗೆ ಡ್ರೈವ್ ಮಾಡಬೇಕು. ನಾನು ಮನೆಯಲ್ಲಿದ್ದವಳು. ಹಾಗಾಗಿ ಶಾಲೆಯಿಂದ ಕರೆತರುವುದು, ಹಲ್ಲಿನ ಡಾಕ್ಟರ ಬಳಿ ಒಯ್ಯುವುದು, ಎಣ್ಣೆ ಹಚ್ಚಿ ಜಡೆ ಹಾಕುವುದು — ಇಬ್ಬರು ಮಕ್ಕಳದೂ ನನ್ನ ಪಾಲು.

ಶಾಲೆಯ ಆಫೀಸಿನವರು ಫೋನಿನಲ್ಲಿ "ನೀವು ತಾಯಿಯೇ?" ಎಂದು ಕೇಳುತ್ತಿದ್ದರು. ಮೊದಮೊದಲು ವಿವರಿಸುತ್ತಿದ್ದೆ — ಅಲ್ಲ, ನಾನು ಆಂಟಿ. ಹಾಗಾದರೆ ತಾಯಿಯ ತಂಗಿಯೇ? ಅಲ್ಲ. ತಂದೆಯ ಕಡೆಯವರೇ? ಅದೂ ಅಲ್ಲ. ಮತ್ತೆ ಹೇಗೆ ಆಂಟಿ? ನಮ್ಮಲ್ಲಿ ಎಲ್ಲರೂ ಆಂಟಿಯೇ ಎಂಬುದನ್ನು ಆ ಹೆಂಗಸಿಗೆ ತಿಳಿಸುವಷ್ಟರಲ್ಲಿ ಮಗುವಿನ ಜ್ವರ ಇಳಿದುಹೋಗುತ್ತಿತ್ತು. ಒಂದು ದಿನ ಬೇಸತ್ತು "ಯೆಸ್, ಮದರ್ ಸ್ಪೀಕಿಂಗ್" ಎಂದೆ. ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಆಮೇಲೆ ಅದೇ ರೂಢಿ. ದೀಪ್ತಿಯ ವಿಷಯಕ್ಕೆ ಫೋನ್ ಬಂದರೆ ಗಿರಿಜಾಳೂ ಹಾಗೇ ಹೇಳುತ್ತಿದ್ದಳು. ನಮ್ಮ ಮಕ್ಕಳಿಗೆ ಇಬ್ಬಿಬ್ಬರು ಅಮ್ಮಂದಿರು ಎಂದು ನಗುತ್ತಿದ್ದೆವು. ಇಲ್ಲಿ ನಮ್ಮವರ ಎಷ್ಟು ಮನೆಗಳಲ್ಲಿ ಈ ಸುಳ್ಳು ನಡೆದಿದೆಯೋ! ಯಾರಿಗೂ ಅದರಿಂದ ಕೆಟ್ಟದಾಗಿರಲಿಲ್ಲ.

ಸಂಘದ ಮಕ್ಕಳ ನಾಟಕಗಳಿಗೆ ನಾನೇ ನಿರ್ದೇಶಕಿ. ನಮ್ಮ ಸಂಘದ ನಾಟಕಕ್ಕೆ ಒಂದು ನಿಯಮವಿತ್ತು: ಬಂದ ಮಗುವಿಗೆಲ್ಲ ಒಂದು ಪಾತ್ರ ಕೊಡಲೇಬೇಕು, ಇಲ್ಲದಿದ್ದರೆ ಅಪ್ಪ ಅಮ್ಮ ಮುನಿಸಿಕೊಳ್ಳುತ್ತಾರೆ. ರಾಜನೊಬ್ಬನಾದರೆ ಮಂತ್ರಿಗಳು ಒಂದು ಸಾಲು, ಮಿಕ್ಕವರೆಲ್ಲ ಮರಗಳು. ಒಂದು ವರ್ಷ ದೀಪ್ತಿ ರಾಜಕುಮಾರಿ — ನಿರ್ದೇಶಕಿಯ ಮಗಳು ಇನ್ನೇನಾಗಬೇಕು? ಇಂಚರ ಒಂದು ಮರ. ಮರಕ್ಕೆ ಮಾತಿಲ್ಲ. ಆದರೆ ಕಟ್ಟಿಗೆ ಕಡಿಯುವವನು ಪಕ್ಕದ ಮರಕ್ಕೆ ಕೊಡಲಿ ಎತ್ತಿದಾಗ ಈ ಮರ ಕಣ್ಣು ಮುಚ್ಚಿಕೊಂಡಿತು. ನಾನು ಹೇಳಿಕೊಟ್ಟದ್ದಲ್ಲ. ಸಭೆಯಲ್ಲಿ ಗದ್ದಲ ಮಾಡುತ್ತಿದ್ದವರೆಲ್ಲ ಸುಮ್ಮನಾದರು, ರಾಜಕುಮಾರಿಯನ್ನು ಯಾರೂ ನೋಡಲಿಲ್ಲ. ಮನೆಗೆ ಬಂದ ಮೇಲೆ ದೀಪ್ತಿ ಚಿತ್ರಾನ್ನ ತಿಂದು ಮಲಗಿದಳು, ಅವಳಿಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನಗೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ಬರೆಯಲು ಇಷ್ಟು ಸುತ್ತು ಬೇಕಾಯಿತು ನೋಡಿ.

ಆದರೂ — ಇದನ್ನು ನಂಬುವುದು ಕಷ್ಟ, ನಂಬಬೇಕೆಂದು ಕೇಳುವ ಯೋಗ್ಯತೆಯೂ ನನಗಿಲ್ಲ — ನಾನು ಆ ಹುಡುಗಿಯನ್ನು ಪ್ರೀತಿಸುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಅವಳಿಗೆ ಸಿನಿಮಾದ ಹುಚ್ಚು ಹತ್ತಿತು. ಈಗಿನ ಪದ್ಧತಿಯಲ್ಲಿ ಪಾತ್ರ ಬೇಕೆಂದವರು ಮನೆಯಲ್ಲೇ ಒಂದು ದೃಶ್ಯ ಅಭಿನಯಿಸಿ, ವಿಡಿಯೋ ಮಾಡಿ ಕಳಿಸಬೇಕು. ಎದುರಿನ ಪಾತ್ರದ ಮಾತನ್ನು ಯಾರಾದರೂ ಕ್ಯಾಮೆರಾ ಹಿಂದೆ ನಿಂತು ಓದಬೇಕು. ಗಿರಿಜಾಳಿಗೆ ಇದೆಲ್ಲ ಸೇರುತ್ತಿರಲಿಲ್ಲ, ಮಗಳು ಡಾಕ್ಟರಾಗಬೇಕು ಎಂಬ ಆಸೆ. ಹಾಗಾಗಿ ನಮ್ಮ ಮನೆಯ ಗೆಸ್ಟ್ ರೂಮೇ ಸ್ಟುಡಿಯೋ ಆಯಿತು. ಗೋಡೆಗೆ ನೀಲಿ ಬೆಡ್‌ಶೀಟು, ಆಚೆ ಈಚೆ ಎರಡು ದೀಪ. ನನ್ನ ಮೈಸೂರು ಇಂಗ್ಲಿಷಿನಲ್ಲಿ ನಾನು ಎಷ್ಟೋ ಪಾತ್ರ ಓದಿದ್ದೇನೆ — ಪೊಲೀಸ್ ಅಧಿಕಾರಿ, ಮೋಸಮಾಡಿದ ಪ್ರಿಯಕರ, ಸಾಯುತ್ತಿರುವ ಅಜ್ಜ. "ಆಂಟಿ, ಒನ್ ಮೋರ್ ಟೈಮ್ ಪ್ಲೀಸ್" ಎಂದು ಅವಳು ಅಂದಷ್ಟೂ ಸಲ ಓದುತ್ತಿದ್ದೆ.

ಆಸ್ಟಿನ್‌ನ ಆ ಚಿತ್ರಕ್ಕೆ ಇಬ್ಬರು ಹುಡುಗಿಯರೂ ವಿಡಿಯೋ ಮಾಡಿದರು. ದೀಪ್ತಿಯನ್ನು ಒಪ್ಪಿಸಿದ್ದು ನಾನು. ಒಂದೇ ದೃಶ್ಯ, ಮನೆ ಬಿಟ್ಟು ಹೊರಟ ಮಗಳು ಮತ್ತು ಅವಳ ತಾಯಿ. ತಾಯಿಯ ಮಾತು ನನ್ನದು. ದೀಪ್ತಿಯೆದುರು ನಾನು ಕಾಗದ ನೋಡಿ ಓದಿದೆ. ಇಂಚರಳೆದುರು ಓದುತ್ತಾ ಓದುತ್ತಾ ಅದೇನಾಯಿತೋ, ಕಾಗದದಲ್ಲಿಲ್ಲದ ಮಾತು ಬಂದುಬಿಟ್ಟಿತು — "ಊಟ ಮಾಡ್ಕೊಂಡಾದ್ರೂ ಹೋಗೇ." ಅವಳು ಪಾತ್ರದೊಳಗಿಂದ ಹೊರಗೆ ಬರಲೇ ಇಲ್ಲ. ಬಾಗಿಲ ಕಡೆ ತಿರುಗಿದವಳು ನಿಂತು, ನನ್ನನ್ನು ನೋಡಿ, ಇಲ್ಲವೆಂದು ತಲೆಯಾಡಿಸಿ ಹೋದಳು. ನನ್ನ ಕಣ್ಣು ತುಂಬಿತು. ನನ್ನ ಮಗಳು ಸೋತಳೆಂದೂ ಆ ಕ್ಷಣದಲ್ಲೇ ಗೊತ್ತಾಯಿತು. ಎರಡೂ ಒಟ್ಟಿಗೆ.

ಆಮೇಲೆ ಆ ಶುಕ್ರವಾರ.

ಯುಗಾದಿಯ ಸಂಘದ ಊಟಕ್ಕೆ ಹೋಳಿಗೆ ನಮ್ಮಿಬ್ಬರ ಪಾಲಿಗೆ ಬಂದಿತ್ತು. ಗಿರಿಜಾ ಅರ್ಧ ದಿನ ರಜೆ ಹಾಕಿದ್ದಳು. ಅವಳ ಅಡುಗೆಮನೆಯಲ್ಲಿ ಅವಳು ಹೂರಣ ತುಂಬುತ್ತಿದ್ದಳು, ನಾನು ತಟ್ಟಿ ಬೇಯಿಸುತ್ತಿದ್ದೆ. ಮಾತಿನ ನಡುವೆ ಗಿರಿಜಾ ತಾನಾಗಿಯೇ ಹೇಳಿದಳು:

"ನಿನ್ನೆ ಅಕಿ ವಿಡಿಯೋ ನೋಡಿದೆ ವತ್ಸಲಾ. ಅಕಿಗೆ ಗೊತ್ತಿಲ್ಲ. ನಾ ಭಾಳ ಹಟಾ ಮಾಡೇನಿ ಅನಸ್ತು. ಅವರೇನರ ಕರದ್ರ ನಾನ ಕರಕೊಂಡು ಹೋಗ್ತೀನಿ ಆಸ್ಟಿನ್‌ಗೆ. ಡಾಕ್ಟರ್ ಆಮ್ಯಾಲೆ ಆಗ್ತಾಳ ಬಿಡು."

ಹೀಗೆ ಹೇಳಿ, ತುಪ್ಪ ಸಾಲುವುದಿಲ್ಲವೆಂದು ಕಾರಿನ ಕೀಲಿ ಹಿಡಿದು ಅಂಗಡಿಗೆ ಹೋದಳು. ಈ ಮಾತು ಕೇಳಿದವಳು ಲೋಕದಲ್ಲಿ ನಾನೊಬ್ಬಳೇ. ಇದನ್ನು ನೆನಪಿಡಿ. ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಗೋಡೆಯ ಫೋನ್ ಹೊಡೆದುಕೊಂಡಿತು. ಆಗಿನ್ನೂ ಮನೆಗಳಲ್ಲಿ ಅದು ಇರುತ್ತಿತ್ತು. ಒಬ್ಬರ ಮನೆಯ ಫೋನನ್ನು ಇನ್ನೊಬ್ಬರು ಎತ್ತುವುದು ನಮಗೆ ಹೊಸದೂ ಅಲ್ಲ. ಹಿಟ್ಟಿನ ಕೈಯಲ್ಲೇ ಎತ್ತಿದೆ. ಇಂಚರಳ ಹೆಸರನ್ನು ಕಷ್ಟಪಟ್ಟು ಉಚ್ಚರಿಸಿ ಒಬ್ಬ ಹೆಂಗಸು ಕೇಳಿದಳು, "ನೀವು ಅವಳ ತಾಯಿಯೇ?"

"ಯೆಸ್, ಮದರ್ ಸ್ಪೀಕಿಂಗ್."

ಇಷ್ಟರ ಮಟ್ಟಿಗೆ ಅದು ಬಾಯಿರೂಢಿ. ಇಲ್ಲಿಯವರೆಗೆ ನಾನು ಯಾರ ಮನೆ ಹಾಳು ಮಾಡಿದವಳೂ ಅಲ್ಲ. ಆಕೆ ಮುಂದುವರಿಸಿದಳು. ವಿಡಿಯೋ ಎಲ್ಲರಿಗೂ ಬಹಳ ಹಿಡಿಸಿದೆ, ನಿರ್ದೇಶಕರು ಎದುರಿಗೆ ನೋಡಬೇಕೆಂದಿದ್ದಾರೆ, ಹುಡುಗಿಗೆ ಇನ್ನೂ ಹದಿನೆಂಟಾಗಿಲ್ಲವಾದ್ದರಿಂದ ನೀವೂ ಜೊತೆಗೆ ಬರಬೇಕು, ನಿಮ್ಮ ಒಪ್ಪಿಗೆ ಬೇಕು. ನಾನು ಏನು ಹೇಳಬೇಕಿತ್ತು? ಐದು ನಿಮಿಷ ತಾಳಿ, ಅವಳ ತಾಯಿ ತುಪ್ಪ ತರಲು ಹೋಗಿದ್ದಾಳೆ, ಬಂದಳು ಎನ್ನಬೇಕಿತ್ತು. ಆ ಮಾತು ಗಂಟಲವರೆಗೆ ಬಂತು. ಜೊತೆಗೇ ಇಷ್ಟು ದಿನ ದೀಪ್ತಿಗಾಗಿ ನಮ್ಮ ಮನೆಯ ಫೋನ್ ಹೊಡೆದುಕೊಳ್ಳಲಿಲ್ಲವಲ್ಲ ಎಂಬುದೂ ಬಂತು.

"ಬೇಡ" ಎಂದೆ. ಇಂಗ್ಲಿಷಿನಲ್ಲಿ, ತಾಯಿಯೊಬ್ಬಳ ಗತ್ತಿನಲ್ಲಿ. ನಮ್ಮ ಮನೆಯಲ್ಲಿ ಇದು ತೀರ್ಮಾನವಾಗಿದೆ, ಅವಳು ಡಾಕ್ಟರಾಗುವವಳು, ದಯವಿಟ್ಟು ಮತ್ತೆ ಫೋನ್ ಮಾಡಬೇಡಿ. ಆಕೆ ಬೇಸರದಿಂದ, "ನಿಮ್ಮ ಮಗಳು ತುಂಬಾ ಚೆನ್ನಾಗಿ ಮಾಡುತ್ತಾಳೆ" ಎಂದಳು. ಗೊತ್ತು ಎಂದು ಫೋನ್ ಇಟ್ಟೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಗಿರಿಜಾ ತುಪ್ಪ ತಂದಳು. ಕಾವಲಿಯ ಮೇಲಿನ ಹೋಳಿಗೆ ಸೀದು ಕರಕಾಗಿತ್ತು. "ಎಲ್ಲಿತ್ತು ನಿನ್ನ ಧ್ಯಾನ?" ಎಂದು ನಕ್ಕು ಅದನ್ನು ತೆಗೆದು ಹಾಕಿದಳು. ಆಗಲೂ ಹೇಳಬಹುದಿತ್ತು. ಗೋಡೆಯ ಫೋನಿಗೆ ನನ್ನ ಕೈಯ ಹಿಟ್ಟು ಮೆತ್ತಿಕೊಂಡಿತ್ತು, ಸೆರಗಿನಿಂದ ಒರೆಸಿದೆ.

ಮುಂದಿನ ವಾರ ಇಂಚರ ನಮ್ಮ ಮನೆಗೆ ಓಡಿಬಂದಳು. ಅಳುತ್ತಿದ್ದಳು. ಅವರಿಂದ ಇಮೇಲ್ ಬಂದಿತ್ತು. ನಿಮ್ಮ ತಾಯಿಯೊಂದಿಗೆ ಮಾತಾಡಿದೆವು, ಕುಟುಂಬದ ನಿರ್ಧಾರವನ್ನು ಗೌರವಿಸುತ್ತೇವೆ, ಪಾತ್ರಕ್ಕೆ ಬೇರೊಬ್ಬಳನ್ನು ತೆಗೆದುಕೊಂಡಾಯಿತು ಎಂದು. "ಅಮ್ಮ ನೋ ಅಂದ್ರಂತೆ ಆಂಟಿ. ಈಗ ಕೇಳಿದ್ರೆ ಶೀ ಸೇಸ್ ನೋಬಡಿ ಕಾಲ್ಡ್. ಶೀ ಈಸ್ ಲೈಯಿಂಗ್ ಟು ಮೈ ಫೇಸ್!"

ಅವಳ ತಲೆಯನ್ನು ಎದೆಗಾನಿಸಿಕೊಂಡು ನಾನು ಹೇಳಿದ್ದು ಇದು: "ಬಿಡು ಪುಟ್ಟ, ನಿಮ್ಮಮ್ಮ ನಿನ್ನ ಒಳ್ಳೇದಕ್ಕೇ ಅಂದಿರ್ತಾಳೆ."

ಫೋನಿನಲ್ಲಿ ಆಡಿದ್ದು ಒಂದು ಗಳಿಗೆಯ ಮಾತು ಎಂದಾದರೂ ಅನ್ನಬಹುದು. ಇದನ್ನು ಏನೆನ್ನಲಿ? ಮಗು ಸಮಾಧಾನಕ್ಕೆಂದು ಬಂದರೆ ಸಮಾಧಾನದ ಹೆಸರಿನಲ್ಲಿ ಅವಳ ತಾಯಿಯ ಮೇಲೆ ಮುದ್ರೆ ಒತ್ತಿದೆ. ಅದೂ ಎಷ್ಟು ಮೆತ್ತಗೆ.

ಗಿರಿಜಾಳೂ ಕೇಳಿದಳು. "ಅವತ್ತ ಹೋಳಿಗಿ ಮಾಡೂ ಮುಂದ ನೀ ಮನ್ಯಾಗ ಇದ್ದೆಲ್ಲ. ಯಾರದರ ಫೋನ್ ಬಂದಿತ್ತೇನು?"

"ಇಲ್ಲ ಕಣೇ. ಯಾವ ಫೋನೂ ಬರಲಿಲ್ಲ."

ಇಂಚರ ಓದಲು ಆಸ್ಟಿನ್‌ಗೆ ಹೋದಳು. ತಾಯಿಯ ಮಾತಿನಂತೆ ಡಾಕ್ಟರಿಕೆಗೆ ಬೇಕಾದ ವಿಷಯಗಳನ್ನೇ ತೆಗೆದುಕೊಂಡಳು, ಎರಡನೆಯ ವರ್ಷಕ್ಕೆ ಬಿಟ್ಟಳು. ಅಲ್ಲಿಯ ವಿದ್ಯಾರ್ಥಿಗಳು ತೆಗೆಯುವ ಕಿರುಚಿತ್ರಗಳಲ್ಲಿ ಬಿಡಿಗಾಸಿಲ್ಲದೆ ಅಭಿನಯಿಸಿದಳು, ಕಾಫಿ ಅಂಗಡಿಯಲ್ಲಿ ಕಪ್ಪು ತೊಳೆದಳು. ಮೊದಲು ತೆರೆಗೆ ಬಂದದ್ದು ಔಷಧಿ ಅಂಗಡಿಯ ಹುಡುಗಿಯಾಗಿ. ನಾಯಕನಿಗೆ ಮಾತ್ರೆ ಕೊಟ್ಟು "ಊಟದ ನಂತರ" ಎನ್ನುವುದಷ್ಟೇ ಕೆಲಸ. ಆಮೇಲೆ ಒಂದು ಧಾರಾವಾಹಿಯಲ್ಲಿ ನಾಯಕಿಯ ಗೆಳತಿ. ಇಲ್ಲಿ ನಮ್ಮ ಬಣ್ಣದವರಿಗೆ ಬಹಳ ಕಾಲ ಗೆಳತಿಯ ಪಾತ್ರವೇ. ಅವಳು ಗೆಳತಿಯಾಗಿ ನಿಂತ ಕಡೆ ಜನ ನಾಯಕಿಯನ್ನು ನೋಡುವುದು ಬಿಟ್ಟರು, ಆ ಮರದ ಹಾಗೆಯೇ. ಕೊನೆಗೆ ಹ್ಯೂಸ್ಟನ್‌ನಲ್ಲಿ ನಡೆಯುವ ಕಥೆಯೊಂದರಲ್ಲಿ ನಾಯಕಿಯಾದಳು. ಪ್ರವಾಹದಲ್ಲಿ ಮನೆ ಮುಳುಗಿದರೂ ಅಪ್ಪನನ್ನು ಬಿಟ್ಟು ಹೊರಡದ ಮಗಳ ಪಾತ್ರ. ಆ ಚಿತ್ರದಿಂದ ಅವಳು ಚಾರಾ ಆದಳು. ನಾನು ಥಿಯೇಟರಿನಲ್ಲಿ ಒಬ್ಬಳೇ ಕೂತು ನೋಡಿದೆ. ಬಾಗಿಲ ಬಳಿ ನಿಂತು ತಿರುಗಿ ನೋಡಿ ಇಲ್ಲವೆಂದು ತಲೆಯಾಡಿಸುವ ಒಂದು ಗಳಿಗೆ ಅದರಲ್ಲೂ ಇತ್ತು. ಅದನ್ನು ನಮ್ಮ ಗೆಸ್ಟ್ ರೂಮಿನಲ್ಲಿ ನೋಡಿದ್ದೆ.

ನಾನು ತಡೆದರೂ ಅವಳು ಬೆಳೆದಳಲ್ಲ, ಹಾಗಾದರೆ ಹಾನಿ ಏನಾಯಿತು — ಹೀಗೆಂದುಕೊಂಡು ಎಷ್ಟೋ ವರ್ಷ ಉಂಡು ಮಲಗಿದ್ದೇನೆ. ಹಾನಿಯಾದದ್ದು ಗಿರಿಜಾಳಿಗೆ. ಮಗಳು ಮನೆಗೆ ಬರುವುದು ಬಿಟ್ಟಳು. ಅಪ್ಪನನ್ನು ಹ್ಯೂಸ್ಟನ್‌ನಲ್ಲೇ ಭೇಟಿಯಾಗಿ ಹೋಗುವಳು. ಅಮ್ಮನಿಗೆ ಹಬ್ಬಕ್ಕೊಂದು ಫೋನ್, ಹೇಗಿದ್ದೀಯ, ಚೆನ್ನಾಗಿದ್ದೇನೆ, ಮುಗಿಯಿತು. ಸಂದರ್ಶನಗಳು ಬರತೊಡಗಿದ ಮೇಲೆ ನಮ್ಮ ಹೆಂಗಸರಿಗೆ ಹಬ್ಬ. ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಗಿರಿಜಾ ಪಲ್ಯದ ಪಾತ್ರೆ ಹಿಡಿದು ಬಂದರೆ ಮಾತು ನಿಲ್ಲುತ್ತಿತ್ತು. "ಇವರೇ ಅಲ್ವಾ ಬೇಡ ಅಂದಿದ್ದು?" ಎಂಬ ಪಿಸುಮಾತು ನನ್ನ ಕಿವಿಗೇ ಬಿದ್ದಿದೆ. ನಾನು ಉಪ್ಪಿನಕಾಯಿ ಬಡಿಸುತ್ತಿದ್ದೆ, ಬಡಿಸುತ್ತಲೇ ಇದ್ದೆ.

ಗಿರಿಜಾ ಜಗಳವಾಡುವುದನ್ನು ನಿಲ್ಲಿಸಿದಳು. ಬೇಡ ಎಂದವಳು ತಾನಲ್ಲ ಎನ್ನುವುದನ್ನೂ ನಿಲ್ಲಿಸಿದಳು. ಒಂದು ದಿನ ಕಾರಿನಲ್ಲಿ ಪಕ್ಕದಲ್ಲಿ ಕೂತವಳು ತಾನಾಗಿಯೇ, "ನಾನ ಅಂದಿರಬೇಕು ವತ್ಸಲಾ. ಆಫೀಸಿನ ಗಡಿಬಿಡ್ಯಾಗ ಏನರ ಅಂದು ಮರತಿರಬೇಕು. ಇಲ್ಲಂದ್ರ ಅವರ್ಯಾಕ ಸುಳ್ಳ ಬರೀತಾರ?" ಎಂದಳು. ನನ್ನ ಸ್ನೇಹಿತೆ ತನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದಿದ್ದಳು. ನಾನು ಸ್ಟೀರಿಂಗ್ ಹಿಡಿದು ಎದುರಿನ ಸಿಗ್ನಲ್ ನೋಡುತ್ತಿದ್ದೆ. ಹಸಿರಾಯಿತು, ಹೊರಟೆ.

ಇನ್ನೂ ಹೇಳಬೇಕಾದದ್ದು ಸನ್ಮಾನದ ವಿಷಯ.

ಹೋದ ರಾಜ್ಯೋತ್ಸವಕ್ಕೆ ಸಂಘದವರು ನನಗೆ ಶಾಲು ಹೊದಿಸುವುದೆಂದು ನಿರ್ಧರಿಸಿದರು. ನಾನು ಬೇಡವೆಂದೆ, ಅದನ್ನು ವಿನಯ ಎಂದುಕೊಂಡರು. ವೇದಿಕೆಯ ಪರದೆಯ ಮೇಲೆ ಇಂಚರ ಬಂದಳು, ವಿಡಿಯೋದಲ್ಲಿ. ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು: "ವತ್ಸಲಾ ಆಂಟಿ, ನೀವು ನನಗೆ ಅಮ್ಮ ಇದ್ದ ಹಾಗೆ." ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಯಾವನೋ ಉತ್ಸಾಹಿ ಮೈಕ್ ಹಿಡಿದು, ಶಾಲು ಹೊದಿಸಲು ಚಾರಾ ಅವರ ತಾಯಿಯೇ ವೇದಿಕೆಗೆ ಬರಬೇಕು ಎಂದು ಕರೆದ.

ಗಿರಿಜಾ ಬಂದಳು. ಹಣ್ಣಿನ ಬುಟ್ಟಿ ಕೊಟ್ಟು, ಶಾಲು ಬಿಡಿಸಿ ಹೊದಿಸಿ, ಫೋಟೋದವನು ಕೂಗಿದ ಕಡೆ ನಕ್ಕಳು. ನನ್ನ ಕೈ ತಾನಾಗಿ ಭುಜ ಮುಟ್ಟಿ ನೋಡಿಕೊಂಡಿತು — ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ. ಆಗ ಅವಳು ಬಾಗಿ, ಚಪ್ಪಾಳೆಯ ನಡುವೆ ನನಗಷ್ಟೇ ಕೇಳುವಂತೆ ಹೇಳಿದಳು:

"ನೀನರ ಅಕಿ ಜೋಡಿ ಇದ್ದೆಲ್ಲ. ನಾ ಇರಲಿಲ್ಲ."

ಅವಳು ಕೊಂಕಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಮನಸಾರೆ ಹೇಳಿದಳು. ನಾಚಿಕೆ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಲ ಕೆಳಗಿನ ಹಲಗೆ ಕುಸಿದರೆ ಸಾಕು ಅನ್ನಿಸಿತು. ಕುಸಿಯಲಿಲ್ಲ. ಗುಲಾಬ್ ಜಾಮೂನಿನ ಊಟವಾಯಿತು, ನನ್ನ ಜೊತೆ ಸೆಲ್ಫಿ ತೆಗೆಸಿಕೊಳ್ಳಲು ಮಕ್ಕಳ ಸಾಲು ನಿಂತಿತು.

ಮನೆಯಲ್ಲಿ ಮೊದಲು ಹೇಳಿದ್ದು ದೀಪ್ತಿಗೆ. ಅವಳಿಗಾಗಿ ಮಾಡಿದೆ ಎಂದು ನಾನು ಒಳಗೊಳಗೇ ಇಟ್ಟುಕೊಂಡಿದ್ದ ನೆಪ ಒಂದಿತ್ತಲ್ಲ. ಅದನ್ನು ಕೇಳಿ ಅವಳು, "ಅಮ್ಮ, ಐ ನೆವರ್ ಈವನ್ ವಾಂಟೆಡ್ ಇಟ್" ಎಂದಳು. "ಇಟ್ ವಾಸ್ ಆಲ್ವೇಸ್ ಯೂ." ನೆಪ ಅಲ್ಲಿಗೆ ಹೋಯಿತು.

ಮರುದಿನ ಬೆಳಗ್ಗೆ ಶಾಲು ಮಡಿಸಿಕೊಂಡು ಗಿರಿಜಾಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಫೋನ್ ಬಂದಿತ್ತು, ನಾನು ಎತ್ತಿದೆ, ನೀನಾಗಿ ಮಾತಾಡಿದೆ, ಬೇಡ ಎಂದೆ. ನೀನು ಕರೆದುಕೊಂಡು ಹೋಗುತ್ತೇನೆಂದು ಹೇಳಿದ ಮೇಲೆ. ನೀನು ತುಪ್ಪ ತರಲು ಹೋದಾಗ. ಸೊಪ್ಪು ಬಿಡಿಸುವ ಕೈ ನಿಂತಿತು.

"ಹಂಗಾದ್ರ ನಾ ಅಂದಿಲ್ಲ?"

"ಇಲ್ಲ."

"ಇನ್ನೊಮ್ಮೆ ಹೇಳು."

"ನೀನು ಅನ್ನಲಿಲ್ಲ ಗಿರಿಜಾ. ನಾನು ಅಂದಿದ್ದು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ — ಹೇಗೆ ಹೇಳಲಿ — ಕಳೆದುಹೋದ ವಸ್ತು ಸಿಕ್ಕಾಗಿನ ನಿಟ್ಟುಸಿರು. "ನನಗ ತಲಿ ಕೆಟ್ಟದ ಅಂತ ಮಾಡಿದ್ದೆ" ಎಂದಳು. ಆಮೇಲೆ ಕೇಳಿದಳು, "ಯಾಕ?"

"ದೀಪ್ತಿಗೆ ಫೋನ್ ಬರಲಿಲ್ಲ ಅಂತ."

"ಇಷ್ಟಕ್ಕ?"

ಹೌದು, ಇಷ್ಟಕ್ಕೇ.

ಗಿರಿಜಾ ಎದ್ದು ಕೈ ತೊಳೆದುಕೊಂಡಳು. ಬೆನ್ನು ತಿರುಗಿಸಿಯೇ ಹೇಳಿದಳು, "ಅಕಿಗೆ ನೀನ ಹೇಳಬೇಕು. ನಾ ಹೇಳಿದ್ರ ಅಕಿ ನಂಬೂದಿಲ್ಲ. ಎಲ್ಲಾರ ಮುಂದ ಶಾಲು ಹೊದ್ದಿ, ಎಲ್ಲಾರ ಮುಂದ ಹೇಳು. ಆಮ್ಯಾಲೆ ನೀ ಈ ಮನಿಗೆ ಬರಬ್ಯಾಡ." ಶಾಲನ್ನು ನಾನು ಮೇಜಿನ ಮೇಲೆ ಬಿಟ್ಟು ಬಂದಿದ್ದೆ. ಅವಳು ಬಾಗಿಲವರೆಗೆ ಬಂದು ಅದನ್ನು ನನ್ನ ಕೈಗಿಟ್ಟಳು. "ಇದು ಇಲ್ಲಿ ಬ್ಯಾಡ. ಒಯ್ಯಿ."

ಇಂಚರ ಈಗ ಚಿತ್ರೀಕರಣಕ್ಕೆ ಆಸ್ಟಿನ್‌ನಲ್ಲಿದ್ದಾಳೆ. ನಿನ್ನೆ ಫೋನ್ ಮಾಡಿದೆ. ಎತ್ತಿದ್ದು ಅವಳ ಸಹಾಯಕಿ, ಹೊಸ ಹುಡುಗಿ. ಚಾರಾ ಜೊತೆ ಮಾತಾಡಬೇಕು, ಮನೆಯ ವಿಷಯ ಎಂದೆ. ನನ್ನ ದನಿಯನ್ನೂ ನನ್ನ ಇಂಗ್ಲಿಷನ್ನೂ ಕೇಳಿ ಆ ಹುಡುಗಿ ಬಹಳ ಮರ್ಯಾದೆಯಿಂದ ವಿಚಾರಿಸಿದಳು, "ನೀವು ಅವರ ತಾಯಿಯೇ?"

"ಅಲ್ಲ" ಎಂದೆ. "ಅವಳ ತಾಯಿ ಗಿರಿಜಾ. ನಾನು ವತ್ಸಲಾ."

ಇಷ್ಟು ಚಿಕ್ಕ ಮಾತು ಅದು. ಅಂದೂ ಇಷ್ಟೇ ಹೇಳಿದ್ದರೆ ಸಾಕಿತ್ತು.

ಇಂಚರ ಫೋನಿಗೆ ಬಂದಳು. "ವತ್ಸಲಾ ಆಂಟಿ! ಶಾಲು ಫೋಟೋ ನೋಡಿದೆ, ಯೂ ಲುಕ್ಡ್ ಸೋ ಬ್ಯೂಟಿಫುಲ್!" ಎಂದು ನಕ್ಕಳು. ಆ ನಗುವನ್ನು ಒಂದು ಕ್ಷಣ ಕೇಳಿಸಿಕೊಂಡೆ, ನನಗೆ ಅದು ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು. "ಕೂತ್ಕೋ ಪುಟ್ಟ" ಎಂದೆ. "ಅವತ್ತು ನಿಮ್ಮಮ್ಮ ಸುಳ್ಳು ಹೇಳ್ಲಿಲ್ಲ. ಅವಳಿಗೆ ಫೋನೇ ಬಂದಿರ್ಲಿಲ್ಲ. ಎತ್ತಿದ್ದು ನಾನು. ಬೇಡ ಅಂದಿದ್ದು ನಾನು." ಹೋಳಿಗೆ, ತುಪ್ಪ, ಅವಳಮ್ಮ ಆ ದಿನ ಹೇಳಿದ ಮಾತು, ಎಲ್ಲವನ್ನೂ ಹೇಳಿದೆ. ಕನ್ನಡದಲ್ಲೇ ಹೇಳಿದೆ, ಅವಳಿಗೆ ಪೂರ್ತಿ ಅರ್ಥವಾಗುತ್ತದೆ.

ಆ ಕಡೆಯಿಂದ ಒಂದೇ ಒಂದು ಮಾತು ಬಂತು, "ಅಮ್ಮ ಈಗ ಮನೇಲಿದ್ದಾರಾ?"

ಇದ್ದಾಳೆ ಎಂದೆ.

ಫೋನ್ ಇಟ್ಟ ಸದ್ದಾಯಿತು. ನಾನು ಇನ್ನೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ನಿಂತಿದ್ದೆ. ಆಮೇಲೆ, ಗಿರಿಜಾಳ ಮನೆಯಲ್ಲಿ ಈಗ ಫೋನ್ ಹೊಡೆದುಕೊಳ್ಳುತ್ತಿರಬಹುದು, ಅದನ್ನು ಅವಳೇ ಎತ್ತುತ್ತಾಳೆ ಎಂದುಕೊಂಡು ಕೆಳಗಿಟ್ಟೆ.